ನಿಲ್ದಾಣದ ಹೆಸರಿನೊಳಗಿನ ಕುದುರೆ

ಜಪಾನಿನ ರೈಲು ನಿಲ್ದಾಣಗಳ ಹೆಬ್ಬಾಗಿಲ ಮೇಲೆ ಊರಿನ ಹೆಸರಿನ ಬೆನ್ನಿಗೇ ಕಾಂಜಿಯ, ಎಂದರೆ ಚೀನಾದಿಂದ ಬಂದ ಲಿಪಿಯ, ಒಂದು ಅಕ್ಷರ ಕಾಣಿಸುತ್ತದೆ. ಉಚ್ಚಾರ ‘ಎಕಿ’, ಅರ್ಥ ನಿಲ್ದಾಣ. ಅದರ ಎಡ ಅರ್ಧದಲ್ಲಿ ನಿಂತಿರುವುದು ಒಂದು ಕುದುರೆ: ಜೂಲಿನಂತೆ ಅಡ್ಡಕ್ಕೆ ಎಳೆದ ಗೆರೆಗಳು, ಬೆನ್ನಿನಂತೆ ಬಾಗಿ ಇಳಿದ ಇನ್ನೊಂದು ಗೆರೆ, ಅದರೊಳಗೆ ಸಾಲಾಗಿ ನಾಲ್ಕು ಚುಕ್ಕೆ. ರೈಲಿಗೂ ಕುದುರೆಗೂ ಏನು ಸಂಬಂಧ ಎಂದು ಹುಡುಕಿಕೊಂಡು ಹೋದರೆ ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ. ಚೀನಾದ ಮಾದರಿಯಲ್ಲಿ ಆಡಳಿತ ಕಟ್ಟಿಕೊಂಡ ಜಪಾನಿನ ಅರಸರು ಹೆದ್ದಾರಿಗಳ ಉದ್ದಕ್ಕೂ ಸುಮಾರು 16 ಕಿ.ಮೀ.ಗೊಂದರಂತೆ ಠಾಣೆಗಳನ್ನು ಇಡಿಸಿದ್ದರು. ಸರ್ಕಾರದ ಓಲೆ ಒಯ್ಯುವವರು ಅಲ್ಲಿ ದಣಿದ ಕುದುರೆಯನ್ನು ಬಿಟ್ಟು ಹೊಸದನ್ನು ಏರುತ್ತಿದ್ದರು. ಆ ಠಾಣೆಯೇ ಎಕಿ. 1872ರಲ್ಲಿ ಟೋಕಿಯೋದ ಶಿಂಬಾಶಿಗೂ ಯೋಕೊಹಾಮಾಕ್ಕೂ ನಡುವೆ ರೈಲು ಶುರುವಾದ ಮೇಲೆ ಬರಬರುತ್ತಾ ಅದೇ ಅಕ್ಷರ ರೈಲಿಗೂ ಸಂದಿತು.

ಜಪಾನಿನಲ್ಲಿ ನಿತ್ಯದ ಓದುಬರಹಕ್ಕೆಂದು ಸರ್ಕಾರ ಗೊತ್ತುಮಾಡಿರುವ ಕಾಂಜಿಗಳು 2,136. ಈ ಪಟ್ಟಿ 2010ರದ್ದು. ಇಷ್ಟನ್ನೂ ಬಿಡಿಬಿಡಿ ಚಿತ್ರಗಳೆಂದುಕೊಂಡು ಬಾಯಿಪಾಠ ಮಾಡಲು ಹೊರಟರೆ ಎದೆ ನಡುಗುವುದು ಸಹಜ. ಆದರೆ ಅವು ಬಿಡಿ ಚಿತ್ರಗಳಲ್ಲ, ಕೆಲವೇ ಘಟಕಗಳ ಮರುಜೋಡಣೆಗಳು. 1716ರಲ್ಲಿ ಚೀನಾದ ಕಾಂಗ್‌ಶಿ ಚಕ್ರವರ್ತಿಯ ಆಸ್ಥಾನದಲ್ಲಿ ಸಿದ್ಧವಾದ ನಿಘಂಟು 47,000ಕ್ಕೂ ಹೆಚ್ಚು ಅಕ್ಷರಗಳನ್ನು 214 ಘಟಕಗಳ ಅಡಿಯಲ್ಲಿ ಹಂಚಿತು. ಜಪಾನಿನ ನಿಘಂಟುಗಳೂ ಬಹುಮಟ್ಟಿಗೆ ಅದೇ ಏರ್ಪಾಡನ್ನು ಹಿಡಿದಿವೆ. ಬೀದಿಯಲ್ಲಿ ನಡೆಯುವವನ ಕಣ್ಣಿಗೆ ಮೇಲಿಂದ ಮೇಲೆ ಬೀಳುವವು ಇವುಗಳಲ್ಲಿ ಕೆಲವು ಮಾತ್ರ: ನೀರು, ಮರ, ಮನುಷ್ಯ, ಬಾಯಿ, ಕೈ, ಮಾತು, ಹೃದಯ, ಮಣ್ಣು, ಲೋಹ, ಹುಲ್ಲು.

ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಮರದಿಂದ ಪಾಠ ಶುರುಮಾಡುತ್ತವೆ. ಒಂದು ಮರ ಬರೆದರೆ ಮರ, ಎರಡನ್ನು ಪಕ್ಕಪಕ್ಕ ಬರೆದರೆ ತೋಪು, ಎರಡರ ತಲೆಯ ಮೇಲೆ ಮೂರನೆಯದನ್ನು ಇಟ್ಟರೆ ಕಾಡು. ಸೂರ್ಯನ ಪಕ್ಕ ಚಂದ್ರನನ್ನು ಇಟ್ಟರೆ ಬೆಳಕು. ಮೂರು ಬಂಡಿಗಳನ್ನು ಒಟ್ಟಿದರೆ ಗುಡುಗುವ ಸದ್ದು. ಇದೆಲ್ಲ ನಿಜ, ನೋಡಲೂ ಚೆಂದ. ಕೈಪಿಡಿಗಳು ಇಲ್ಲಿಗೇ ನಿಲ್ಲುವುದರಿಂದ ಮಾತ್ರ ಓದುಗರಿಗೆ ಅನ್ಯಾಯವಾಗುತ್ತದೆ. ಅರ್ಥಕ್ಕೆ ಅರ್ಥ ಕೂಡಿಸಿ ಕಟ್ಟಿದ ಇಂಥ ಅಕ್ಷರಗಳು ಸ್ವಲ್ಪವೇ. ಉಳಿದ ಬಹುಪಾಲು ಅಕ್ಷರಗಳಲ್ಲಿ ಒಂದು ಘಟಕ ಅರ್ಥದ ಕಡೆ ಬೆರಳು ತೋರಿಸುತ್ತದೆ, ಇನ್ನೊಂದು ಉಚ್ಚಾರವನ್ನು ಹೇಳಿಕೊಡುತ್ತದೆ. ‘ಎಕಿ’ಯಲ್ಲೂ ಹಾಗೆಯೇ. ಎಡದ ಕುದುರೆ ಅರ್ಥ, ಬಲದ ಅರ್ಧ ಸದ್ದು. ಈ ಮರ್ಮವನ್ನು ತಿಳಿಯಲು ಕ್ಯೋಟೋದಷ್ಟು ಅನುಕೂಲವಾದ ಊರು ಇನ್ನೊಂದಿಲ್ಲ.

ಕ್ಯೋಟೋ ನಿಲ್ದಾಣದಿಂದ ನೈಋತ್ಯಕ್ಕೆ ಕಾಲು ಗಂಟೆ ನಡೆದರೆ ತೋಜಿ ದೇವಾಲಯ. ಎರಡೇ ಅಕ್ಷರದ ಹೆಸರು: ‘ತೋ’ ಎಂದರೆ ಪೂರ್ವ, ‘ಜಿ’ ಎಂದರೆ ದೇವಾಲಯ. ಪೂರ್ವ ಎಂಬ ಅಕ್ಷರ ಮರದ ನಡುವೆ ಸೂರ್ಯ ಸಿಕ್ಕಿಕೊಂಡ ಹಾಗಿದೆ. ಕ್ರಿ.ಶ. 100ರ ಸುಮಾರಿಗೆ ಚೀನಾದ ಶೂ ಶೆನ್ ಎಂಬ ಪಂಡಿತ 9,353 ಅಕ್ಷರಗಳನ್ನು ಬಿಡಿಸಿ ನೋಡಿದಾಗ ಇದನ್ನೂ ಹಾಗೆಯೇ ವಿವರಿಸಿದ. ಮರಗಳ ಹಿಂದೆ ಸೂರ್ಯ ಮೂಡುವ ದಿಕ್ಕು ಪೂರ್ವವಲ್ಲದೆ ಇನ್ನಾವುದು? ಹದಿನೆಂಟು ಶತಮಾನ ಕಾಲ ಯಾರೂ ಎದುರಾಡಲಿಲ್ಲ. 1899ರಲ್ಲಿ ಶಾಂಗ್ ರಾಜವಂಶದ ಕಾಲದ ಕಣಿಯ ಮೂಳೆಗಳು ವಿದ್ವಾಂಸರ ಕಣ್ಣಿಗೆ ಬಿದ್ದವು. ಆಮೆಚಿಪ್ಪು, ದನದ ಹೆಗಲ ಮೂಳೆಗಳ ಮೇಲೆ ಕೊರೆದ ಮೂರು ಸಾವಿರ ವರ್ಷ ಹಳೆಯ ಬರಹ ಅವು. ಅಲ್ಲಿ ಈ ಅಕ್ಷರದಲ್ಲಿ ಸೂರ್ಯನೂ ಇಲ್ಲ, ಮರವೂ ಇಲ್ಲ. ಎರಡೂ ತುದಿಗಳಲ್ಲಿ ಬಿಗಿದು ಕಟ್ಟಿದ ಒಂದು ಚೀಲದ ಚಿತ್ರವಿದೆ. ಚೀಲದ ಹೆಸರೂ ಪೂರ್ವದ ಹೆಸರೂ ಕಿವಿಗೆ ಒಂದೇ ರೀತಿ ಕೇಳಿಸುತ್ತಿದ್ದುದರಿಂದ ಚೀಲದ ಚಿತ್ರವನ್ನು ದಿಕ್ಕಿಗೆ ಎರವಲು ಪಡೆದರು. ಮರದ ಹಿಂದಿನ ಸೂರ್ಯ ಕಲಿಯುವವರಿಗೆ ಇವತ್ತಿಗೂ ಒಳ್ಳೆಯ ನೆನಪಿನ ಕೊಕ್ಕೆ. ಅದನ್ನೇ ಇತಿಹಾಸ ಎಂದು ನಂಬಬಾರದು, ಅಷ್ಟೆ.

ಎರಡನೆಯ ಅಕ್ಷರ ‘ಜಿ’ ಇನ್ನೂ ಫಲವತ್ತಾದದ್ದು. ಅದರ ಎಡಕ್ಕೆ ಸೂರ್ಯನನ್ನು ಇಟ್ಟರೆ ‘ಕಾಲ’, ಉಚ್ಚಾರ ಜಿ. ಕೈಯನ್ನು ಇಟ್ಟರೆ ‘ಹಿಡಿ’, ಉಚ್ಚಾರ ಜಿ. ಮನುಷ್ಯನನ್ನು ಇಟ್ಟರೆ ಒಡೆಯನ ಬಳಿ ಕಾದು ನಿಲ್ಲುವವನು. ಜಗತ್ತಿಗೆಲ್ಲ ಗೊತ್ತಿರುವ ಸಮುರಾಯ್. ಸಮುರಾಯ್ ಎಂಬುದು ಜಪಾನೀ ಓದು, ಚೀನಾದಿಂದ ಬಂದ ಓದಿನಲ್ಲಿ ಅದೂ ಜಿ. ಮಾತಿನ ಘಟಕ ಇಟ್ಟರೆ ‘ಕವಿತೆ’, ಉಚ್ಚಾರ ಶಿ. ದೇವಾಲಯದಲ್ಲಿ ಆಡಿದ ಮಾತೇ ಕವಿತೆ ಎಂದು ಕಥೆ ಕಟ್ಟಲು ಮನಸ್ಸು ಹಾತೊರೆಯುತ್ತದೆ. ಆದರೆ ಇಲ್ಲಿ ದೇವಾಲಯ ಬಂದಿರುವುದು ಸದ್ದಿಗಾಗಿ. ಅಷ್ಟೇ ಅಲ್ಲ, ಈ ಅಕ್ಷರಗಳು ಹುಟ್ಟಿದ ಕಾಲಕ್ಕೆ ಚೀನಾದಲ್ಲಿ ದೇವಾಲಯ ಎಂಬ ಅರ್ಥವೇ ಇದಕ್ಕೆ ಇರಲಿಲ್ಲ. ಆಗ ಅದು ಸರ್ಕಾರಿ ಕಚೇರಿಯ ಹೆಸರು. ಭಾರತದ ಕಡೆಯಿಂದ ಬೌದ್ಧ ಭಿಕ್ಷುಗಳು ಬಂದು ನೆಲೆನಿಂತ ಮೇಲೆ ಅವರ ವಿಹಾರಗಳಿಗೆ ಅದೇ ಹೆಸರು ಅಂಟಿತು.

ಹಾಗೆ ಬಂದವರು ಹೊಸ ಅಕ್ಷರಗಳಿಗೂ ಕಾರಣರಾದರು. ಇದು ಕನ್ನಡ ಓದುಗರು ನಿಂತು ನೋಡಬೇಕಾದ ಜಾಗ. ತೋಜಿಯ ಅಂಗಳದಲ್ಲಿ ಸುಮಾರು 55 ಮೀಟರ್ ಎತ್ತರದ ಐದಂತಸ್ತಿನ ಗೋಪುರವಿದೆ. ಜಪಾನಿನ ಮರದ ಗೋಪುರಗಳಲ್ಲೆಲ್ಲ ಅದೇ ಎತ್ತರದ್ದು, ಈಗಿನ ಕಟ್ಟಡ 1644ರದ್ದು. ಇಂಥ ಗೋಪುರಕ್ಕೆ ‘ತೋ’ ಎನ್ನುತ್ತಾರೆ. ಮೂಲದಲ್ಲಿ ಅದು ನಮ್ಮ ಸ್ತೂಪ. ಸ್ತೂಪ ಎಂಬ ಪರದೇಶದ ಮಾತನ್ನು ಬರೆಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಚೀನೀಯರು ಸದ್ದು ಹೇಳುವ ಒಂದು ಘಟಕವನ್ನು ತೆಗೆದುಕೊಂಡು ಅದರ ಎಡಕ್ಕೆ ಮಣ್ಣನ್ನು ಇಟ್ಟರು. ಸ್ತೂಪ ಮಣ್ಣಿನ ದಿಬ್ಬ ತಾನೆ. ಅದೇ ಸದ್ದಿನ ಘಟಕದ ಎಡಕ್ಕೆ ಮಣ್ಣಿನ ಬದಲು ಕೈ ಇಟ್ಟರೆ ‘ಹತ್ತು, ಏರು’ ಎಂಬ ಅರ್ಥದ ಇನ್ನೊಂದು ‘ತೋ’. ಜಪಾನಿನ ವಿಮಾನ ನಿಲ್ದಾಣಗಳಲ್ಲಿ ವಿಮಾನ ಹತ್ತುವ ಬಾಗಿಲುಗಳ ಮೇಲೆಲ್ಲ ಅದಿದೆ.

ಸಂಘ ಎಂಬುದರ ಮೊದಲ ಸದ್ದನ್ನು ಹಿಡಿದು ‘ಸೋ’ ಎಂಬ ಭಿಕ್ಷುವಿನ ಅಕ್ಷರ ಬಂತು. ಅದರ ಎಡಕ್ಕೆ ಮನುಷ್ಯ, ಬಲಕ್ಕೆ ಸದ್ದು. ಭಿಕ್ಷು ಉಡುವ ಕಾಷಾಯ ಜಪಾನಿನಲ್ಲಿ ‘ಕೆಸ’. ಅದನ್ನು ಬರೆಯುವ ಎರಡು ಅಕ್ಷರಗಳ ಕೆಳಗೂ ಬಟ್ಟೆಯ ಘಟಕವಿದೆ. ಒಂದರ ತಲೆಯ ಮೇಲೆ ‘ಕ’ ಸದ್ದಿನ ಅಕ್ಷರ, ಇನ್ನೊಂದರ ಮೇಲೆ ‘ಸ’ ಸದ್ದಿನದು. ಬುದ್ಧನನ್ನು ಕಾಡಿದ ಮಾರನಿಗೂ ಒಂದು ಅಕ್ಷರ ಸಿದ್ಧವಾಯಿತು. ಸೆಣಬಿನ ಜಾತಿಯ ನಾರುಗಿಡದ ಹೆಸರು ‘ಮ’. ಅದನ್ನು ಸದ್ದಿಗೆಂದು ಮೇಲಿಟ್ಟು ಕೆಳಗೆ ಪಿಶಾಚಿಯನ್ನು ಕೂರಿಸಿದರು. ಪಿಶಾಚಿಯ ಜಾಗದಲ್ಲಿ ಕಲ್ಲು ಬಂದರೆ ‘ಸಾಣೆ ಹಿಡಿ’, ಕೈ ಬಂದರೆ ‘ಉಜ್ಜು’. ಮೂರಕ್ಕೂ ಉಚ್ಚಾರ ‘ಮ’ ಒಂದೇ. ಕಾಂಜಿಯ ಕಟ್ಟುವಿಕೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗಲಾರದು. ಚಿತ್ರ ಬರೆದು ತೋರಿಸಲಾಗದ ಮಾತನ್ನೂ ಈ ಲಿಪಿ ಒಳಗೆ ಬಿಟ್ಟುಕೊಳ್ಳುತ್ತದೆ, ಇರುವ ಘಟಕಗಳಲ್ಲೇ.

ಊರಿನ ಪಶ್ಚಿಮದಂಚಿನ ಅರಾಶಿಯಾಮಾಕ್ಕೆ ರೈಲಿನಲ್ಲಿ ಹೋದರೆ ಅರ್ಥದ ಘಟಕಗಳ ಕಡೆ ಗಮನ ಹರಿಯುತ್ತದೆ. ಆ ಹೆಸರಿನ ಮೊದಲ ಅಕ್ಷರ ‘ಅರಾಶಿ’, ಬಿರುಗಾಳಿ. ಮೇಲೆ ಬೆಟ್ಟ, ಕೆಳಗೆ ಗಾಳಿ. ಎರಡನೆಯ ಅಕ್ಷರ ಬರೀ ಬೆಟ್ಟ. ಹೀಗೆ ಎರಡಕ್ಷರದ ಹೆಸರಿನಲ್ಲಿ ಬೆಟ್ಟ ಎರಡು ಸಲ ಬಂದಿದೆ. ಅಲ್ಲಿ ಹೊಳೆಗೆ ಅಡ್ಡಲಾಗಿರುವ ಹೆಸರಾಂತ ಸೇತುವೆ ತೋಗೆತ್ಸುಕ್ಯೋ, ಚಂದ್ರ ದಾಟುವ ಸೇತುವೆ. ‘ದಾಟು’ ಎಂಬುದರ ಎಡಕ್ಕೆ ಮೂರು ಹನಿ ನೀರು, ‘ಸೇತುವೆ’ಯ ಎಡಕ್ಕೆ ಮರ. 1934ರಲ್ಲಿ ಮುಗಿದ ಈಗಿನ ಸೇತುವೆ ಕಾಂಕ್ರೀಟಿನದು, ಮರದ್ದು ಕಟಕಟೆ ಮಾತ್ರ. ಅಕ್ಷರಕ್ಕೆ ಅದರ ಗೊಡವೆಯಿಲ್ಲ. ಕಬ್ಬಿಣದ ಸೇತುವೆಯನ್ನೂ ಅದು ಮರದಿಂದಲೇ ಬರೆಯುತ್ತದೆ.

ಸೇತುವೆಯ ಆಚೆಗಿನ ಬಿದಿರು ಮೆಳೆ ನೋಡಲು ಜನ ಕಿಕ್ಕಿರಿಯುತ್ತಾರೆ. ಬಿದಿರಿನ ಅಕ್ಷರ ಎಲೆ ಇಳಿಬಿಟ್ಟ ಎರಡು ಗಳುಗಳ ಚಿತ್ರ. ಅದು ಕುಗ್ಗಿ ಇನ್ನೊಂದು ಅಕ್ಷರದ ನೆತ್ತಿಗೇರಿದಾಗ ‘ತಾಕೆಕನ್ಮುರಿ’, ಬಿದಿರಿನ ಮುಡಿ. ಕೊಳಲು, ಪೆಟ್ಟಿಗೆ, ಊಟದ ಕಡ್ಡಿ, ಬರೆಯುವ ಕುಂಚ, ಇವುಗಳ ತಲೆಯ ಮೇಲೆ ಬಿದಿರು ಇರುವುದು ಸಹಜವೇ. ಆದರೆ ‘ಉತ್ತರ’ ಎಂಬ ಅಕ್ಷರದ ಮೇಲೆ ಬಿದಿರೇಕೆ? ‘ಲೆಕ್ಕ’ದ ಮೇಲೇಕೆ? ಕಾಗದ ಬರುವ ಮುನ್ನ ಚೀನಾದಲ್ಲಿ ಬರೆಯುತ್ತಿದ್ದುದು ಬಿದಿರಿನ ಸೀಳುಗಳ ಮೇಲೆ. ಅವುಗಳನ್ನು ದಾರದಲ್ಲಿ ಪೋಣಿಸಿ ಸುರುಳಿ ಸುತ್ತಿಡುತ್ತಿದ್ದರು. ಲೆಕ್ಕ ಮಾಡುತ್ತಿದ್ದುದೂ ಬಿದಿರಿನ ಕಡ್ಡಿಗಳಿಂದ. ಶಾಲೆಯ ಉತ್ತರಪತ್ರಿಕೆಯಲ್ಲಿ ಜಪಾನಿನ ಮಗು ಇಂದೂ ಬರೆಯುವ ‘ಉತ್ತರ’ದಲ್ಲಿ ಆ ಬರಹದ ಸಾಮಗ್ರಿ ಉಳಿದುಕೊಂಡಿದೆ. ಒಂದು ನಾಗರಿಕತೆಯ ಕೈಗೆ ಯಾವ ವಸ್ತುಗಳು ಎಟುಕುತ್ತಿದ್ದವು ಎಂಬುದಕ್ಕೆ ಈ ಘಟಕಗಳಷ್ಟು ಪ್ರಾಮಾಣಿಕ ಸಾಕ್ಷಿ ಅಪರೂಪ.

ಘಟಕ ಕೂರುವ ಜಾಗಕ್ಕೂ ಜಪಾನೀಯರು ಹೆಸರಿಟ್ಟಿದ್ದಾರೆ. ಎಡದ್ದು ‘ಹೆನ್’, ಬಲದ್ದು ‘ತ್ಸುಕುರಿ’, ಮೇಲಿನದು ‘ಕನ್ಮುರಿ’, ಕೆಳಗಿನದು ‘ಅಶಿ’ ಎಂದರೆ ಕಾಲು, ಸುತ್ತುವರಿದದ್ದು ‘ಕಮಾಯೆ’. ಎಡದ ಮೂರು ಹನಿ ನೀರು ‘ಸಂಜುಯಿ’. ಇವು ಬರೀ ಪಂಡಿತರ ಮಾತುಗಳಲ್ಲ. ಫೋನಿನಲ್ಲಿ ಹೆಸರು ಬರೆಸುವಾಗ, ಅಂಗಡಿಯಲ್ಲಿ ರಸೀತಿ ಬರೆಸುವಾಗ ‘ಸಂಜುಯಿಯ ಪಕ್ಕ ಇಂಥದ್ದು’ ಎಂದರೆ ಎದುರಿನವರ ಕೈಗೆ ಅಕ್ಷರ ತಾನಾಗಿ ಬರುತ್ತದೆ.

ಪೂರ್ವದ ಗುಡ್ಡದ ಮೇಲಿನ ಕಿಯೋಮಿಜು ದೇವಾಲಯದ ಹೆಸರು ಸಂಜುಯಿಯಿಂದಲೇ ಶುರುವಾಗುತ್ತದೆ. ತಿಳಿನೀರು ಎಂಬ ಆ ಹೆಸರಿನ ಮೊದಲ ಅಕ್ಷರದಲ್ಲಿ ಎಡಕ್ಕೆ ನೀರು, ಬಲಕ್ಕೆ ನೀಲಿ. ‘ಕಿಯೋ’ ಅದರ ಜಪಾನೀ ಓದು. ಚೀನಾದಿಂದ ಬಂದ ಓದಿನಲ್ಲಿ ನೀಲಿಯ ಉಚ್ಚಾರ ‘ಸೇ’, ತಿಳಿಯಾದದ್ದರ ಉಚ್ಚಾರವೂ ‘ಸೇ’. ನೀರನ್ನು ತೆಗೆದು ಸೂರ್ಯನನ್ನು ಇಟ್ಟರೆ ಮೋಡವಿಲ್ಲದ ಆಕಾಶ, ಸೇ. ಅಕ್ಕಿಯನ್ನು ಇಟ್ಟರೆ ತೌಡು ತೆಗೆದು ಶುದ್ಧ ಮಾಡಿದ್ದು, ಸೇ. ಮಾತನ್ನು ಇಟ್ಟರೆ ಬಿನ್ನಹ, ಅದೂ ಸೇ. ಹೃದಯವನ್ನು ಇಟ್ಟರೆ ಭಾವ. ಅದಕ್ಕೆ ಸೇ ಎಂದೂ ಜೋ ಎಂದೂ ಎರಡು ಉಚ್ಚಾರ. ನೀಲಿ ಇಲ್ಲಿ ಸದ್ದಿನ ಘಟಕ, ನಿಜ. ಆದರೂ ತಿಳಿನೀರು, ತಿಳಿಯಾಕಾಶ, ಹಸನಾದ ಅಕ್ಕಿ ಎಂದು ಸಾಲಾಗಿ ನೋಡಿದಾಗ ಸದ್ದಿನ ಜೊತೆ ಶುಭ್ರತೆಯ ಛಾಯೆಯೂ ಹರಿದುಬಂದಿದೆ ಅನಿಸದೆ ಇರದು. ಹಾಗೆಂದು ಹಲವು ವಿದ್ವಾಂಸರೂ ಹೇಳಿದ್ದಾರೆ.

ಹೃದಯದ ಘಟಕ ಎಡಕ್ಕೆ ಬಂದಾಗ ತೆಳ್ಳಗೆ ನಿಲ್ಲುತ್ತದೆ, ಕೆಳಗೆ ಬಂದಾಗ ಅಗಲವಾಗಿ ಕೂರುತ್ತದೆ. ‘ಇಲ್ಲವಾಗು’ ಎಂಬ ಅರ್ಥದ ಘಟಕದ ಕೆಳಗೆ ಹೃದಯ ಬಂದರೆ ‘ಮರೆತುಬಿಡು’. ಅದೇ ಘಟಕದ ಎಡಕ್ಕೆ ಅದೇ ಹೃದಯ ನಿಂತರೆ ‘ಬಿಡುವಿಲ್ಲದ’. ಎರಡಕ್ಕೂ ಓದು ‘ಬೋ’. ತುಂಡುಗಳು ಅವೇ, ಸದ್ದೂ ಅದೇ. ಕೂತ ಜಾಗ ಮಾತ್ರ ಬೇರೆ.

1995ರಿಂದ ಪ್ರತಿ ಡಿಸೆಂಬರಿನಲ್ಲಿ ಇದೇ ಕಿಯೋಮಿಜುವಿನಲ್ಲಿ ವರ್ಷದ ಕಾಂಜಿಯನ್ನು ಪ್ರಕಟಿಸುತ್ತಾರೆ. ಜನ ಕಳಿಸಿದ ಮತಗಳಲ್ಲಿ ಗೆದ್ದ ಒಂದು ಅಕ್ಷರವನ್ನು ದೇವಾಲಯದ ಮುಖ್ಯ ಭಿಕ್ಷು ಆಳೆತ್ತರದ ಕಾಗದದ ಮೇಲೆ ದಪ್ಪ ಕುಂಚದಲ್ಲಿ ಬರೆಯುತ್ತಾರೆ. ಮೊದಲ ವರ್ಷದ ಅಕ್ಷರ ‘ಶಿನ್’, ನಡುಕ. ಆ ಜನವರಿ 17ರ ಭೂಕಂಪ ಕೋಬೆ ನಗರವನ್ನು ಕೆಡವಿತ್ತು, 6,000ಕ್ಕೂ ಹೆಚ್ಚು ಜನ ಸತ್ತಿದ್ದರು. ಭೂಮಿ ನಡುಗಿದ್ದಕ್ಕೆ ಬರೆದ ಅಕ್ಷರದ ತಲೆಯ ಮೇಲೆ ಇರುವುದು ಮಳೆ. ಹಿಮ, ಮೋಡ, ಮಂಜು, ಗುಡುಗುಗಳ ಮೇಲಿರುವ ಅದೇ ಮಳೆಯ ಮುಡಿ. ಮೊದಲಿಗೆ ಇದು ಗುಡುಗಿಗೆ ನಡುಗುವುದನ್ನು ಹೇಳುತ್ತಿದ್ದ ಅಕ್ಷರ. ಕೆಳಗಿನ ಅರ್ಧದ ಸದ್ದು ಶಿನ್. ಅದರ ಎಡಕ್ಕೆ ಕೈ ಬಂದರೆ ‘ಅಲ್ಲಾಡಿಸು’, ಕೆಳಗೆ ಬಾಯಿ ಬಂದರೆ ‘ತುಟಿ’, ಎರಡೂ ಶಿನ್. ಮಳೆಯ ಮುಡಿಯ ಕೆಳಗೆ ಮಿಂಚಿನ ಗೆರೆ ಬಂದರೆ ‘ದೆನ್’, ಇವತ್ತಿನ ವಿದ್ಯುತ್ತು. ಅದೇ ಮಿಂಚು ಬಲಿಪೀಠದ ಪಕ್ಕ ನಿಂತರೆ ‘ದೇವರು’. ವಿದ್ಯುತ್ ರೈಲಿನ ಹೆಸರಿನಲ್ಲೂ ದೇವರ ಹೆಸರಿನಲ್ಲೂ ಇರುವುದು ಒಂದೇ ಮಿಂಚು.

ಗುಡ್ಡ ಇಳಿದರೆ ಗಿಯೋನ್. ಗೇಯಿಷಾ ಮನೆಗಳಿಗೆ ಹೆಸರಾದ ಈ ಕೇರಿಯ ಹೆಸರು ಶ್ರಾವಸ್ತಿಯ ಜೇತವನದಿಂದ ಬಂದದ್ದು. ಅನಾಥಪಿಂಡಕನೆಂಬ ವರ್ತಕ ಬುದ್ಧನಿಗೆ ಕೊಡಿಸಿದ ಆ ವನದ ಚೀನೀ ಹೆಸರನ್ನು ಮೊಟಕು ಮಾಡಿದಾಗ ಗಿಯೋನ್ ಆಯಿತು. 2016ರಲ್ಲಿ ಇಲ್ಲಿ ಕಾಂಜಿಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಅದರ ನಡುವೆ ಎರಡು ಅಂತಸ್ತು ಏರುವ ಒಂದು ಗೋಪುರದ ಮೈತುಂಬ ಸುಮಾರು 50,000 ಅಕ್ಷರಗಳಿವೆ. ಅವು ಮೊರೊಹಾಶಿ ತೆತ್ಸುಜಿ ಅವರ ಮಹಾನಿಘಂಟಿನವು. ಅಚ್ಚಿಗೆ ಸಿದ್ಧವಾಗಿದ್ದ ಆ ನಿಘಂಟಿನ ಫಲಕಗಳು 1945ರ ಫೆಬ್ರವರಿಯಲ್ಲಿ ಟೋಕಿಯೋದ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು. ಕಣ್ಣು ಮಂಜಾಗುತ್ತಿದ್ದರೂ ಮೊರೊಹಾಶಿ ಕೆಲಸ ಬಿಡಲಿಲ್ಲ. 1955ರಿಂದ 1960ರ ವರೆಗೆ 13 ಸಂಪುಟಗಳು ಹೊರಬಂದವು. ಗೋಪುರದ ಮುಂದೆ ನಿಂತವರಿಗೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ: ಒಂದೂ ಓದಲು ಬಾರದ ಸಾಲಿನಲ್ಲೂ ಗುರುತಿಲ್ಲದ ತುಂಡು ಸಿಗುವುದು ಅಪರೂಪ.

ತುಂಡುಗಳ ಅರ್ಥದ ಬಗ್ಗೆ ಮಾತ್ರ ಜಗಳ ಮುಗಿದಿಲ್ಲ. ಕ್ಯೋಟೋದ ರಿತ್ಸುಮೇಯಿಕಾನ್ ವಿಶ್ವವಿದ್ಯಾಲಯದಲ್ಲಿದ್ದ ಶಿರಾಕಾವಾ ಶಿಜುಕಾ (1910–2006) ಕಣಿಮೂಳೆಗಳ ಅಕ್ಷರಗಳನ್ನು ಕೈಯಿಂದ ನಕಲು ಮಾಡುತ್ತಲೇ ಬಾಳು ಸವೆಸಿದರು. ಎಲ್ಲರೂ ಬಾಯಿ ಎಂದು ಓದುವ ಚೌಕಟ್ಟು ಅನೇಕ ಕಡೆ ಬಾಯಿಯಲ್ಲ, ದೇವರಿಗೆ ಬರೆದ ಪ್ರಾರ್ಥನೆಯನ್ನು ಇಡುವ ಪಾತ್ರೆ ಎಂಬುದು ಅವರ ವಾದ. ಒಪ್ಪದವರೂ ಬಹಳ ಮಂದಿ. ಆದರೂ ಒಂದೇ ಘಟಕವನ್ನು ನೂರಾರು ಅಕ್ಷರಗಳಲ್ಲಿ ಒಟ್ಟಿಗೆ ಇಟ್ಟು ನೋಡಬೇಕು ಎಂಬ ಅವರ ಹಟ ದೊಡ್ಡದು. ಬಿಡಿಯಾಗಿ ನೋಡಿದರೆ ಮೋಸಹೋಗುವುದು ಖಂಡಿತ. ನಾಲ್ಕು ಚುಕ್ಕೆಗಳನ್ನೇ ನೋಡಿ: ಕುದುರೆಯಲ್ಲಿ ಅವು ಕಾಲು, ಮೀನಿನಲ್ಲಿ ಬಾಲ, ‘ಬಿಸಿ’ ಎಂಬ ಅಕ್ಷರದ ಅಡಿಯಲ್ಲಿ ಬೆಂಕಿ. ಲಿಪಿ ಸರಳವಾಗುತ್ತಾ ಬಂದಂತೆ ಬೇರೆ ಬೇರೆ ವಸ್ತುಗಳು ಒಂದೇ ಆಕಾರಕ್ಕೆ ಇಳಿದಿವೆ.

ಸರ್ಕಾರ ಕೈಹಾಕಿದ್ದರಿಂದಲೂ ಕೆಲವು ಕುರುಹು ಅಳಿಸಿವೆ. ‘ನಾತ’ ಎಂಬ ಅಕ್ಷರದಲ್ಲಿ ಮೇಲೆ ಮೂಗು, ಕೆಳಗೆ ನಾಯಿ ಇತ್ತು. ಮೂಸುವುದರಲ್ಲಿ ನಾಯಿಗಿಂತ ಬಲ್ಲವರಾರು? 1949ರ ಸುಧಾರಣೆಯಲ್ಲಿ ನಾಯಿಯ ಹೆಗಲ ಚುಕ್ಕೆಯನ್ನು ತೆಗೆದರು. ಚುಕ್ಕೆ ಹೋದದ್ದೇ ಅದು ‘ದೊಡ್ಡದು’ ಎಂಬ ಅಕ್ಷರವಾಗಿಬಿಟ್ಟಿತು. 2010ರಲ್ಲಿ ‘ಮೂಸು’ ಎಂಬ ಅಕ್ಷರ ಪಟ್ಟಿಗೆ ಸೇರಿದಾಗ ಅದರಲ್ಲಿ ನಾಯಿಯನ್ನು ಹಾಗೇ ಉಳಿಸಿದರು. ಹೀಗಾಗಿ ಈಗ ಮೂಸುವ ಕಡೆ ನಾಯಿ ಇದೆ, ನಾತದ ಕಡೆ ಇಲ್ಲ. ಒಂದು ಚುಕ್ಕೆ ಬಿಟ್ಟು ಕಟ್ಟಿಕೊಂಡ ಲಾಭಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಕಾಮೊ ಹೊಳೆಯ ದಂಡೆಯಲ್ಲಿ ಉತ್ತರಕ್ಕೆ ನಡೆದರೆ ಎರಡು ಹೊಳೆ ಕೂಡುವ ದೆಮಾಚಿ. ಜಪಾನ್ ಸಮುದ್ರದ ದಂಡೆಯ ವಕಾಸಾದಿಂದ ಬಂಗುಡೆ ಜಾತಿಯ ಮೀನಿಗೆ ಉಪ್ಪು ಹಾಕಿ, ಹೊತ್ತು, ಸುಮಾರು 70 ಕಿ.ಮೀ. ನಡೆದು ಆಗ ರಾಜಧಾನಿಯಾಗಿದ್ದ ಕ್ಯೋಟೋಕ್ಕೆ ತರುತ್ತಿದ್ದ ದಾರಿ ಇಲ್ಲಿ ಮುಗಿಯುತ್ತಿತ್ತು. ಆ ಮೀನು ‘ಸಾಬಾ’. ಎಡಕ್ಕೆ ಮೀನು, ಬಲಕ್ಕೆ ಕಿಯೋಮಿಜುವಿನಲ್ಲಿ ಕಂಡ ಅದೇ ನೀಲಿ. ಸುಶಿ ಅಂಗಡಿಗಳಲ್ಲಿ ಕೊಡುವ ದಪ್ಪನೆಯ ಚಹಾ ಲೋಟದ ಸುತ್ತ ಇಂಥ ಮೀನಿನ ಅಕ್ಷರಗಳನ್ನು ಸಾಲುಸಾಲಾಗಿ ಅಚ್ಚು ಹಾಕಿರುತ್ತಾರೆ. ಮೀನಿನ ಪಕ್ಕ ‘ದುರ್ಬಲ’ ಇದ್ದರೆ ಇವಾಶಿ. ನೀರಿನಿಂದ ತೆಗೆದ ಕೂಡಲೇ ಕೆಡುವ ಬೂತಾಯಿ ಜಾತಿಯ ಮೀನು. ಹಿಮ ಇದ್ದರೆ ಚಳಿಗಾಲದ ತಾರಾ. ಇವೆರಡನ್ನೂ ಕಟ್ಟಿದವರು ಚೀನೀಯರಲ್ಲ, ಜಪಾನೀಯರು. ಚೀನಾದ ಬರಹದಲ್ಲಿ ಹೆಸರಿಲ್ಲದ ತಮ್ಮ ಮೀನು, ತಮ್ಮ ಗಿಡ, ತಮ್ಮ ನೆಲಕ್ಕೆ ಅವರು ಅದೇ ಘಟಕಗಳಿಂದ ಹೊಸ ಅಕ್ಷರ ಮಾಡಿಕೊಂಡರು. ವಕಾಸಾದ ದಾರಿಯ ಹನಾಓರೆ ಘಾಟಿಯ ಹೆಸರಿನಲ್ಲಿ ಅಂಥದೊಂದು ಇದೆ. ಘಾಟಿಗೆ ಜಪಾನಿನಲ್ಲಿ ‘ತೋಗೆ’ ಎನ್ನುತ್ತಾರೆ. ಎಡಕ್ಕೆ ಬೆಟ್ಟ, ಬಲಕ್ಕೆ ‘ಮೇಲೆ’, ಅದರಡಿಗೆ ‘ಕೆಳಗೆ’. ಹತ್ತಿ ಇಳಿಯುವ ದಾರಿಯನ್ನು ಮೂರೇ ತುಂಡುಗಳಲ್ಲಿ ಹೇಳಿದ ಈ ಅಕ್ಷರ ಜಪಾನ್ ಕಟ್ಟಿದವುಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದದ್ದು.

ದೆಮಾಚಿಯಿಂದ ಒಸಾಕಾಕ್ಕೆ ಕೇಯಿಹಾನ್ ರೈಲು. ಆ ಹೆಸರಿನ ‘ಕೇಯಿ’ ಕ್ಯೋಟೋದ ಮೊದಲ ಅಕ್ಷರ, ‘ಹಾನ್’ ಒಸಾಕಾದ ಎರಡನೆಯದು. ಕ್ಯೋ ಹೇಗೆ ಕೇಯಿ ಆಯಿತು? ಜಪಾನಿಗೆ ಅಕ್ಷರಗಳು ಒಂದೇ ಕಂತಿನಲ್ಲಿ ಬರಲಿಲ್ಲ. ಐದು-ಆರನೆಯ ಶತಮಾನದಲ್ಲಿ ಬಂದ ಉಚ್ಚಾರ ಒಂದು, ಚೀನಾದ ತಾಂಗ್ ರಾಜವಂಶದ ರಾಜಧಾನಿಗೆ ಹೋಗಿ ಕಲಿತವರು ತಂದದ್ದು ಇನ್ನೊಂದು. ಹೊಸದು ಹಳೆಯದನ್ನು ಓಡಿಸಲಿಲ್ಲ, ಎರಡೂ ಉಳಿದವು. ಆದ್ದರಿಂದಲೇ ಸದ್ದಿನ ಘಟಕ ನೂರಕ್ಕೆ ನೂರು ನಂಬಿಕೆಗೆ ಅರ್ಹವಲ್ಲ. ಕ್ಯೋ ಅಕ್ಷರದ ಮೇಲೆ ಸೂರ್ಯ ಬಂದರೆ ‘ಕೇಯಿ’ ಎಂಬ ನೋಟ, ಎಡಕ್ಕೆ ಮೀನು ಬಂದರೆ ‘ಗೇಯಿ’ ಎಂಬ ತಿಮಿಂಗಿಲ, ಸಂಜುಯಿ ಬಂದರೆ ‘ರ್‍ಯೋ’ ಎಂಬ ತಂಪು. ಒಂದೇ ಮನೆಯ ಸದ್ದುಗಳು ಇಷ್ಟು ದೂರ ಸರಿದಿವೆ.

ಕ್ಯೋಟೋ ಮತ್ತು ಒಸಾಕಾ ಎರಡರ ಕೊನೆಯ ಅಕ್ಷರದಲ್ಲೂ ಕಿವಿಯ ಆಕಾರದ ಒಂದು ಘಟಕವಿದೆ. ಕ್ಯೋಟೋದಲ್ಲಿ ಅದು ಬಲಕ್ಕೆ, ಒಸಾಕಾದಲ್ಲಿ ಎಡಕ್ಕೆ. ಬಲದ ಕಿವಿ ‘ಊರು’ ಎಂಬ ಅಕ್ಷರದ ಸಂಕ್ಷೇಪ; ರಾಜಧಾನಿ, ಜಿಲ್ಲೆ, ಅಂಚೆ ಎಂಬಲ್ಲೆಲ್ಲ ಬರುತ್ತದೆ. ಎಡದ ಕಿವಿ ‘ದಿಬ್ಬ’ದ ಸಂಕ್ಷೇಪ, ನೆಲ, ಮೆಟ್ಟಿಲು, ಇಳಿಯುವುದು ಇವುಗಳಲ್ಲಿದೆ. ಒಸಾಕಾ ಎಂದರೆ ದೊಡ್ಡ ಇಳಿಜಾರು, ಆದ್ದರಿಂದ ದಿಬ್ಬ. ಹಿಂದೆ ಅಲ್ಲಿ ದಿಬ್ಬದ ಬದಲು ಮಣ್ಣಿನ ಘಟಕ ಬರೆಯುವ ರೂಢಿಯೇ ಹೆಚ್ಚು. ಬಲ ಅರ್ಧದ ‘ಹಾನ್’ಗೆ ‘ಮರಳು’ ಎಂಬ ಅರ್ಥವೂ ಇರುವುದರಿಂದ, ಮಣ್ಣಿಗೆ ಮರಳು ಎಂದು ಓದಿಕೊಂಡರೆ ಅಪಶಕುನ ಎಂಬ ಭಯ ಹುಟ್ಟಿತೆಂದು ಹೇಳುತ್ತಾರೆ. ಮೇಯಿಜಿ ಚಕ್ರವರ್ತಿಯ ಕಾಲದಲ್ಲಿ ದಿಬ್ಬದ ರೂಪವೇ ಅಧಿಕೃತವಾಗಿ ನಿಂತಿತು. ಆ ‘ಹಾನ್’ ಒಸಾಕಾದ ಬೀದಿಗಳಲ್ಲಿ ಬೇರೆ ವೇಷಗಳಲ್ಲೂ ಎದುರಾಗುತ್ತದೆ: ಎಡಕ್ಕೆ ಊಟ ಇದ್ದರೆ ಅನ್ನ, ಹಿಂದೆ ಹಣವಾಗಿದ್ದ ಕವಡೆ ಇದ್ದರೆ ಮಾರಾಟ, ಮರ ಇದ್ದರೆ ಹಲಗೆ. ಎಲ್ಲಕ್ಕೂ ಸದ್ದು ಹಾನ್.

ಒಸಾಕಾದ ಈ ಅಕ್ಷರವನ್ನು ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಕಲಿಯತೊಡಗಿದ್ದು ಇತ್ತೀಚೆಗೆ. 2020ರ ಏಪ್ರಿಲಿನಿಂದ ಎಲ್ಲ ಪ್ರಾಂತಗಳ ಹೆಸರುಗಳಲ್ಲಿರುವ ಕಾಂಜಿಗಳನ್ನೂ ಪಠ್ಯಕ್ಕೆ ಸೇರಿಸಿದರು. 20 ಅಕ್ಷರ ಹೊಸದಾಗಿ ಬಂದು ಪ್ರಾಥಮಿಕ ಶಾಲೆಯ ಪಟ್ಟಿ 1,026ಕ್ಕೆ ಏರಿತು. ಯಾಮಾನಾಶಿಯ ಪಿಯರ್ ಹಣ್ಣು ಅದರಲ್ಲೊಂದು, ಕೆಳಗೆ ಮರ, ಮೇಲೆ ‘ರಿ’ ಎಂಬ ಸದ್ದು. ಸಾಯಿತಾಮಾದ ‘ಸಾಯಿ’, ನಾಗಾಸಾಕಿಯ ‘ಸಾಕಿ’ ಇನ್ನೆರಡು. ಇವುಗಳ ಬಲ ಅರ್ಧ ಒಂದೇ, ಎರಡೂ ಮುಂಚಾಚಿದ ನೆಲದ ಹೆಸರುಗಳೇ. ಸಾಯಿತಾಮಾದ್ದಕ್ಕೆ ಎಡಗಡೆ ಮಣ್ಣು, ನಾಗಾಸಾಕಿಯದ್ದಕ್ಕೆ ಬೆಟ್ಟ. ನಾಲ್ಕನೆಯ ತರಗತಿಯ ಮಗು ನಕಾಶೆ ನೋಡುತ್ತಾ ಎರಡನ್ನೂ ಒಂದೇ ವರ್ಷದಲ್ಲಿ ಬರೆದು ಕಲಿಯುತ್ತದೆ.